ಹೊರ ಉಪಯೋಗಕ್ಕೆ ಮಾತ್ರ

ಬೇಹಾಲಾ ಚೌರಾಸ್ತಾದ ಹತ್ತಿರ ಹಳೆಯ ಮನೆಯೊಂದರ ಮೇಲಿನ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಕೆಳಗೆ ಮನೆಯೊಡತಿ ಮಾಶಿಮಾ ಒಬ್ಬರೇ. ಮಗ ನ್ಯೂಜೆರ್ಸಿಯಲ್ಲಿ. ಕಳೆದ ಚಳಿಗಾಲದ ಒಂದು ಭಾನುವಾರ ಅವನು ವಿಡಿಯೊ ಕರೆ ಮಾಡಿ, ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಕೊಂಡ ಸಾಸಿವೆ ಎಣ್ಣೆಯ ಬಾಟಲಿಯನ್ನು ತಾಯಿಗೆ ತೋರಿಸಿದ. ಎಣ್ಣೆ ಇಲ್ಲಿಯದೇ, ಬಣ್ಣವೂ ಅದೇ. ಚೀಟಿಯ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಮಾಶಿಮಾಗೆ ಬಂಗಾಳಿ ಬಿಟ್ಟು ಬೇರೆ ಓದಲು ಬರುವುದಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿದರು. ‘ಹೊರ ಉಪಯೋಗಕ್ಕೆ ಮಾತ್ರ’ ಎಂದು ಓದಿ, ಮೈಗೆ ಹಚ್ಚಿಕೊಳ್ಳಬಹುದು, ತಿನ್ನುವ ಹಾಗಿಲ್ಲ ಅಂತ ಅರ್ಥ, ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಎಪ್ಪತ್ತು ವರ್ಷದಿಂದ ನಾನು ಕರುಳಿಗೆ ಮಾಲೀಶು ಮಾಡಿಕೊಂಡು ಬಂದಿದ್ದೀನಿ ಅನ್ನು” ಎಂದರು. ಮಗ ನಕ್ಕ. ನಾನೂ ನಕ್ಕೆ.

ಅವರು ನಗಲಿಲ್ಲ ಎನ್ನುವುದು ಆಮೇಲೆ ನೆನಪಾಯಿತು. ಎಣ್ಣೆಯ ವಿಷಯದಲ್ಲಿ ಆ ಮನೆಯಲ್ಲಿ ಯಾರೂ ಹಗುರಾಗಿ ಮಾತಾಡುವುದಿಲ್ಲ. ಅವರ ಮೈದುನ ಶಾಲಾ ಮೇಷ್ಟರಾಗಿದ್ದವರು. 1988ರ ಮಳೆಗಾಲದ ನಂತರ ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದವರಲ್ಲ. ಪಾದ ಜೋತು ಬಿದ್ದು, ಪ್ರತಿ ಹೆಜ್ಜೆಗೂ ಮೊಣಕಾಲನ್ನು ಕೆಸರಿನಿಂದ ಕೀಳುವ ಹಾಗೆ ಎತ್ತಿ ಇಡಬೇಕಾಗಿತ್ತಂತೆ. ಆ ವರ್ಷ ಬೇಹಾಲಾದಲ್ಲಿ ರೇಪ್‌ಸೀಡ್ ಎಣ್ಣೆ ತಿಂದ ನೂರಾರು ಜನರಿಗೆ ಹೀಗಾಯಿತು. ಎಣ್ಣೆಯಲ್ಲಿ ಟ್ರೈಕ್ರೆಸೈಲ್ ಫಾಸ್ಫೇಟ್ ಸೇರಿತ್ತು. ಪ್ಲಾಸ್ಟಿಕ್ ಮೆದುಗೊಳಿಸಲು, ಯಂತ್ರದ ಎಣ್ಣೆಗೆ ಬೆರೆಸಲು ಬಳಸುವ ರಾಸಾಯನಿಕ ಅದು. ಬಣ್ಣವಿಲ್ಲ, ಹೇಳಿಕೊಳ್ಳುವಂಥ ರುಚಿಯಿಲ್ಲ. ತಿಂದ ದಿನ ದೊಡ್ಡದೇನೂ ಆಗುವುದಿಲ್ಲ. ಒಂದೆರಡು ವಾರ ಕಳೆದು ಮೀನಖಂಡ ನೋಯುತ್ತದೆ, ಆಮೇಲೆ ಪಾದ ಮಾತು ಕೇಳುವುದಿಲ್ಲ.

ಇದನ್ನು ಕೇಳಿದ ಮೇಲೆ ನಾನು ಆ ರಾಸಾಯನಿಕದ ಚರಿತ್ರೆ ಓದಲು ಕೂತೆ. ನಿದ್ದೆ ಕೆಡಿಸಿದ್ದು ಅದರ ವಿಷಕ್ಕಿಂತ ಹೆಚ್ಚಾಗಿ ಅದರ ಇಸವಿಗಳು. 1930ರಲ್ಲಿ, ಪಾನನಿಷೇಧದ ಕಾಲದ ಅಮೆರಿಕದಲ್ಲಿ, ಶುಂಠಿ ಸಾರ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಮದ್ಯಕ್ಕೆ ಸರ್ಕಾರಿ ಪರೀಕ್ಷೆಯನ್ನು ತಪ್ಪಿಸಲೆಂದು ಇದನ್ನೇ ಬೆರೆಸಿದ್ದರು. ಸುಮಾರು 50,000 ಜನ ಕಾಲು ಕಳೆದುಕೊಂಡರು ಎಂದು ಅಂದಾಜು, ಹೆಚ್ಚಿನವರು ಬಡವರು. ಅದೇ ವರ್ಷ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ವಿಜ್ಞಾನಿಗಳು ಕಾರಣ ಕಂಡುಹಿಡಿದು ಪ್ರಕಟಿಸಿದರು. 1959ರಲ್ಲಿ ಮೊರಾಕ್ಕೊದ ಮೆಕ್ನೆಸ್ ಪಟ್ಟಣದ ಸುತ್ತ ಮತ್ತೆ ಅದೇ ಕಥೆ: ಅಮೆರಿಕದ ವಾಯುನೆಲೆಯಿಂದ ವಿಲೇವಾರಿಯಾದ ವಿಮಾನದ ಎಂಜಿನ್ ಎಣ್ಣೆಯನ್ನು ಅಡುಗೆ ಎಣ್ಣೆಗೆ ಬೆರೆಸಿ ಮಾರಿದ್ದರು. ಸುಮಾರು 10,000 ಜನರಿಗೆ ಪಾರ್ಶ್ವವಾಯು. ವಿಶ್ವ ಆರೋಗ್ಯ ಸಂಸ್ಥೆ ಬಂತು, ರೆಡ್ ಕ್ರಾಸ್ ಬಂತು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಬೇಹಾಲಾದ ಸರದಿ ಬರುವ ಹೊತ್ತಿಗೆ ಈ ತಿಳಿವಳಿಕೆಗೆ 58 ವರ್ಷ ತುಂಬಿತ್ತು.

ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಬೇಕಾದ ಋಣ ಎಷ್ಟು ದೂರದವರೆಗೆ ಹೋಗುತ್ತದೆ? ನನ್ನ ಅಜ್ಜಿಯ ಊರಿನಲ್ಲಿ ಸೇದುವ ಬಾವಿಯಲ್ಲಿ ಸತ್ತ ಇಲಿಯನ್ನು ಕಂಡವನು ಊರಿಗೆಲ್ಲ ಹೇಳಬೇಕು. ಹೇಳದೆ ತನ್ನ ಮನೆಗೆ ಮಾತ್ರ ಬೇರೆ ಕಡೆಯಿಂದ ನೀರು ತರಿಸಿಕೊಂಡರೆ ಅವನನ್ನು ಊರು ಕ್ಷಮಿಸುವುದಿಲ್ಲ. ಅಷ್ಟು ಸರಿ. ಪಕ್ಕದ ಊರಿನ ಬಾವಿ ಬೇರೆ. ಅಲ್ಲಿಗೂ ಹೋಗಿ ‘ನಿಮ್ಮಲ್ಲೂ ಇಲಿಗಳಿವೆ, ನೋಡಿಕೊಳ್ಳಿ’ ಎನ್ನಬೇಕೇ? ಹೇಳಿದರೆ ಒಳ್ಳೆಯವನು ಎನ್ನುತ್ತೇವೆ. ಹೇಳದಿದ್ದರೆ ಬೈಯುವುದಿಲ್ಲ. ಅಮೆರಿಕದವರು ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ತಮ್ಮ ಪಾಲಿನ ಕೆಲಸ ಮುಗಿಸಿದ್ದರು. ಕಲ್ಕತ್ತೆಯ ಗ್ರಂಥಾಲಯಗಳಿಗೆ ಆ ತಿಳಿವಳಿಕೆ ಬಂದೂ ಇತ್ತು. ಅದು ಉಪಯೋಗಕ್ಕೆ ಬಂದದ್ದು ಮಾತ್ರ ಜನ ಮಂಚ ಹಿಡಿದ ಮೇಲೆ, ಕಾಯಿಲೆಗೆ ಹೆಸರಿಡಲು.

ಹೀಗೆ ಬರೆಯುವಾಗ ಕಲ್ಕತ್ತೆಯನ್ನು ಬರೀ ತೆಗೆದುಕೊಳ್ಳುವ ಊರು ಎಂದು ತೋರಿಸಿದರೆ ಅನ್ಯಾಯವಾಗುತ್ತದೆ. ಎಣ್ಣೆಯ ವಿಷಯದಲ್ಲಿ ಈ ಊರು ಜಗತ್ತಿಗೆ ಕೊಟ್ಟದ್ದು ದೊಡ್ಡದು. 1877ರಲ್ಲಿ ಇಲ್ಲಿ ಒಂದು ವಿಚಿತ್ರ ಕಾಯಿಲೆ ವರದಿಯಾಯಿತು: ಕಾಲು ಊದುವುದು, ಏದುಸಿರು, ಕೊನೆಗೆ ಹೃದಯ ಸೋಲುವುದು. ಎಪಿಡೆಮಿಕ್ ಡ್ರಾಪ್ಸಿ ಎಂಬ ಹೆಸರು ಬಂತು. ಮರುವರ್ಷವೇ ಅದು ಮಾರಿಷಸ್‌ನಲ್ಲಿ, ಇಲ್ಲಿಂದ ಹೋದ ಕೂಲಿಯವರ ನಡುವೆ ಕಾಣಿಸಿತು. ದಶಕಗಟ್ಟಲೆ ಸೋಂಕು ಎಂದರು, ಮುಗ್ಗಲು ಅಕ್ಕಿ ಎಂದರು. 1926ರಲ್ಲಿ ಸರ್ಕಾರ್ ಎಂಬ ವೈದ್ಯರು ಸಾಸಿವೆ ಎಣ್ಣೆಗೆ ಸೇರುತ್ತಿದ್ದ ಒಂದು ಕಳೆಯ ಬೀಜದ ಮೇಲೆ ಅನುಮಾನಪಟ್ಟರು. 1937ರಲ್ಲಿ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಹೈಜೀನ್ ಅಂಡ್ ಪಬ್ಲಿಕ್ ಹೆಲ್ತ್‌ನ ಲಾಲ್ ಮತ್ತು ರಾಯ್ ತಮ್ಮ ದೀರ್ಘ ಅಧ್ಯಯನದಲ್ಲಿ ಅದನ್ನು ಗಟ್ಟಿ ಮಾಡಿದರು. ಚಿತ್ತರಂಜನ್ ಅವೆನ್ಯೂದಲ್ಲಿರುವ ಆ ಸಂಸ್ಥೆಯನ್ನು 1932ರಲ್ಲಿ ಕಟ್ಟಿದ್ದು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ. ಆ ಕಳೆ ಅರ್ಜಿಮೋನ್: ಹಳದಿ ಹೂವು, ಮುಳ್ಳಿನ ಎಲೆ, ಸಾಸಿವೆಯಂಥದೇ ಕಪ್ಪು ಬೀಜ. ನಮ್ಮ ಕಡೆ ದತ್ತೂರಿ ಎನ್ನುತ್ತಾರೆ, ಬಸ್ ಸ್ಟ್ಯಾಂಡಿನ ಹಿಂದೆ, ಹಾಳುಬಿದ್ದ ಸೈಟುಗಳಲ್ಲಿ ನೀವೂ ಕಂಡಿರುತ್ತೀರಿ. ಬಂಗಾಳಿಯಲ್ಲಿ ಶಿಯಾಲ್‌ಕಾಂಟಾ, ನರಿಮುಳ್ಳು. ಆ ಗಿಡವೇ ಮೆಕ್ಸಿಕೊ ಕಡೆಯಿಂದ ಬಂದ ವಲಸಿಗ. ಹೆಸರಿನಲ್ಲೇ ಮೆಕ್ಸಿಕಾನಾ ಇದೆ.

ಇಷ್ಟೆಲ್ಲ ಕಲ್ಕತ್ತೆಯಲ್ಲೇ ತಿಳಿದಿದ್ದು. ಆದರೂ 1998ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಅರ್ಜಿಮೋನ್ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು, ಆಸ್ಪತ್ರೆ ಸೇರಿದವರು ಸಾವಿರಗಟ್ಟಲೆ. ನಡುವೆ ಸಮುದ್ರವಿರಲಿಲ್ಲ, ಗಡಿಯಿರಲಿಲ್ಲ, ಭಾಷಾಂತರವೂ ಬೇಕಿರಲಿಲ್ಲ. ಒಂದೇ ಸರ್ಕಾರ, ಒಂದೇ ಕಾನೂನು, ಅದೂ 1954ರಿಂದ ಇದ್ದ ಕಲಬೆರಕೆ ತಡೆ ಕಾನೂನು. ಹಾಗಾಗಿ ದೇಶದೇಶಗಳ ನಡುವೆ ತಿಳಿವಳಿಕೆ ಹರಿಯುವುದಿಲ್ಲ ಎಂದು ಗಡಿಯನ್ನೇ ದೂರುವುದು ನನಗೆ ಕಷ್ಟವಾಗುತ್ತದೆ. ಅಂಗಡಿಯವನ ಡಬ್ಬದಿಂದ ಅಳೆದು ಕೊಡುವ ಎಣ್ಣೆಗೆ ತಡೆ ಹಾಕುವ ಆದೇಶ ಬಂದದ್ದು ಆ ಸಾವುಗಳಾದ ಮರು ತಿಂಗಳು. ಮಾಶಿಮಾ ತಮ್ಮ ಮನೆಯಲ್ಲಿ ಆ ತಡೆಯನ್ನು ಹತ್ತು ವರ್ಷ ಮೊದಲೇ ಜಾರಿಗೆ ತಂದಿದ್ದರು.

ಹಾಗಾದರೆ ಎಚ್ಚರಿಕೆಯ ಮಾತು ಯಾವ ದಾರಿಯಲ್ಲಿ ಬೇಗ ಓಡುತ್ತದೆ? ಉತ್ತರ 2024ರ ಏಪ್ರಿಲ್‌ನಲ್ಲಿ ನಮ್ಮ ಕಣ್ಣ ಮುಂದೆಯೇ ಸಿಕ್ಕಿತು. ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರ ಎಂ.ಡಿ.ಎಚ್. ಮತ್ತು ಎವರೆಸ್ಟ್‌ನ ಕೆಲವು ಮಸಾಲೆ ಪುಡಿಗಳಲ್ಲಿ, ಸಾಂಬಾರ್ ಪುಡಿಯೂ ಸೇರಿ, ಎಥಿಲೀನ್ ಆಕ್ಸೈಡ್ ಇದೆ ಎಂದು ಪ್ರಕಟಿಸಿತು. ಎರಡು ವಾರದೊಳಗೆ ಸಿಂಗಪುರ ಒಂದು ಮಸಾಲೆಯನ್ನು ವಾಪಸು ಕರೆಸಿತು. ನಮ್ಮ ಎಫ್.ಎಸ್.ಎಸ್.ಎ.ಐ. ದೇಶದಾದ್ಯಂತ ಮಾದರಿ ಎತ್ತಿಸಿತು. ಕಂಪನಿಗಳು ತಮ್ಮ ಪುಡಿ ಸುರಕ್ಷಿತ ಎಂದವು, ಇಲ್ಲಿನ ಪರೀಕ್ಷೆಗಳಲ್ಲಿ ಆ ರಾಸಾಯನಿಕ ಸಿಗಲಿಲ್ಲ ಎಂದು ಪ್ರಾಧಿಕಾರ ಹೇಳಿತು. ಅದರ ತೀರ್ಪು ನನ್ನ ಕೆಲಸವಲ್ಲ. ನಾನು ಗಮನಿಸಿದ್ದು ವೇಗವನ್ನು. ಮಾತು ದಿನಗಳಲ್ಲಿ ಹಾಂಗ್‌ಕಾಂಗ್‌ನಿಂದ ದೆಹಲಿಗೆ, ದೆಹಲಿಯಿಂದ ನನ್ನ ತಂಗಿಯ ಬೆಂಗಳೂರಿನ ವಾಟ್ಸಾಪ್ ಗುಂಪಿಗೆ ತಲುಪಿತು. ಕಾರಣ ಬಾವಿ ಒಂದೇ ಆಗಿತ್ತು: ಅವರು ಕೊಳ್ಳುವವರು, ನಾವು ಮಾರುವವರು. ಕೊಳ್ಳುವವನಿಗೆ ಭಯವಾದರೆ ಮಾರುವವನಿಗೆ ತಕ್ಷಣ ಗೊತ್ತಾಗುತ್ತದೆ. ಬೇಹಾಲಾದ ಎಣ್ಣೆಯನ್ನು ಹೊರದೇಶದ ಯಾರೂ ಕೊಳ್ಳುತ್ತಿರಲಿಲ್ಲ. ಅದನ್ನು ತಿನ್ನುವವರು ಬೇಹಾಲಾದವರೇ ಆದ್ದರಿಂದ ಅವರ ಪರವಾಗಿ ಹೆದರುವ ಬೇರೆ ದೇಶದ ಕಚೇರಿ ಇರಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು, ಧಾರವಾಡದ ಕಡೆಯವರು, ಇದನ್ನು ಕೇಳಿ ನಕ್ಕರು. “ಅದರಾಗ ತಪ್ಪೇನೈತ್ರಿ? ಧರ್ಮಕ್ಕ ಅಂತ ಯಾರೂ ಲ್ಯಾಬ್ ನಡಸೂದಿಲ್ಲ. ಸ್ವಾರ್ಥದಿಂದಾದ್ರೂ ಸುದ್ದಿ ಬಂತಲ್ಲ, ತಗೋರಿ.” ಅವರ ಮಾತಿನಲ್ಲಿ ತೂಕವಿದೆ. ರೋಮ್‌ನಲ್ಲಿರುವ ಕೋಡೆಕ್ಸ್ ಆಯೋಗ 1963ರಿಂದ ಆಹಾರದ ಮಾನದಂಡ ಬರೆಯುತ್ತಿದೆ. ಅದರ ಉದ್ದೇಶದಲ್ಲಿ ತಿನ್ನುವವರ ಆರೋಗ್ಯದ ಜೊತೆಗೇ ನ್ಯಾಯವಾದ ವ್ಯಾಪಾರ ಎನ್ನುವ ಮಾತೂ ಇದೆ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದ ಮೇಲೆ ಆ ಮಾನದಂಡಗಳಿಗೆ ಹಲ್ಲು ಬಂತು. ವ್ಯಾಪಾರವಿಲ್ಲದಿದ್ದರೆ ಈ ಮಟ್ಟದ ಮಾತುಕತೆಯೇ ಇರುತ್ತಿರಲಿಲ್ಲವೇನೋ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್.ಎ.ಒ. ಸೇರಿ ಇನ್ಫೋಸಾನ್ ಎಂಬ ಜಾಲ ಕಟ್ಟಿವೆ. ಒಂದು ದೇಶದ ಆಹಾರದಲ್ಲಿ ಅಪಾಯ ಕಂಡರೆ ಇನ್ನೊಂದು ದೇಶದ ಪ್ರಾಧಿಕಾರಕ್ಕೆ ನೇರ ಹೇಳುವ ವ್ಯವಸ್ಥೆ. ಒಳ್ಳೆಯದೇ. ಆದರೆ ಅದರಲ್ಲೂ ಅವಸರದ ಮಾತು ಹುಟ್ಟುವುದು ಸಾಮಾನ್ಯವಾಗಿ ಸರಕು ಗಡಿ ದಾಟಿದಾಗ. ಸಹೋದ್ಯೋಗಿಯ ಮಾತನ್ನು ಒಪ್ಪಿದರೂ ಒಂದು ಮುಳ್ಳು ಉಳಿಯುತ್ತದೆ: ರಫ್ತಾಗದ ಅನ್ನ ತಿನ್ನುವವರು, ಅಂದರೆ ನಮ್ಮಲ್ಲಿ ಬಹುಪಾಲು ಜನ, ಯಾರ ಸ್ವಾರ್ಥದ ನೆರಳಿನಲ್ಲಿ ಕೂರಬೇಕು? ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದಾಗ, ಹಾಗಿಲ್ಲದ್ದು ನಮಗೆ ಎಂದು ಅವನೇ ಒಪ್ಪಿಕೊಂಡ ಹಾಗಲ್ಲವೇ?

ಇದು ಹೇಳುವವರ ಋಣದ ಮಾತಾಯಿತು. ಕೇಳುವವರ ಕಡೆಯದು ಇನ್ನೂ ಕಗ್ಗಂಟು.

ನನ್ನ ಕಚೇರಿಯಿಂದ ಹತ್ತು ನಿಮಿಷ ನಡೆದರೆ ಕಿಡ್ ಸ್ಟ್ರೀಟ್. ಅಲ್ಲಿರುವ ಕೇಂದ್ರ ಆಹಾರ ಪ್ರಯೋಗಾಲಯದ ಮುಂದೆ ನಾನು ಮಧ್ಯಾಹ್ನ ಚಹಾ ಕುಡಿಯಲು ಹೋಗುವುದುಂಟು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಎತ್ತಿದ ಮ್ಯಾಗಿ ನೂಡಲ್ಸ್‌ನ ಮಾದರಿ ಗೋರಖ್‌ಪುರದಿಂದ ಇಲ್ಲಿಗೆ ಬಂದು, ಅದರಲ್ಲಿ ಹತ್ತು ಲಕ್ಷಕ್ಕೆ 17.2 ಭಾಗ ಸೀಸ ಇದೆ ಎಂಬ ವರದಿ ಹೊರಟದ್ದು ಈ ಪ್ರಯೋಗಾಲಯದಿಂದ. ಮಿತಿ ಇದ್ದದ್ದು 2.5. 2015ರ ಜೂನ್ 5ರಂದು ದೇಶದಲ್ಲೆಲ್ಲ ಮ್ಯಾಗಿ ನಿಂತಿತು. ಕೆಲವೇ ದಿನಗಳಲ್ಲಿ ಸಿಂಗಪುರ ಭಾರತದಿಂದ ಬಂದ ಪೊಟ್ಟಣಗಳನ್ನೇ ಪರೀಕ್ಷಿಸಿ ಸರಿಯಿದೆ ಎಂದಿತು. ಬ್ರಿಟನ್ನಿನ ಆಹಾರ ಪ್ರಾಧಿಕಾರವೂ ತಾನು ನೋಡಿದ ಮಾದರಿಗಳಲ್ಲಿ ಸೀಸ ಮಿತಿಯೊಳಗಿದೆ ಎಂದಿತು. ಆಗ ನಾನು ಬೆಂಗಳೂರಿನ ಪಿ.ಜಿ.ಯಲ್ಲಿದ್ದೆ. ಸಿಂಗಪುರದ ಸುದ್ದಿ ಬಂದ ರಾತ್ರಿ ನಾವು ನಾಲ್ವರು ಗೆದ್ದವರ ಹಾಗೆ ಕೂಗಾಡಿದ್ದೆವು. ಕಪಾಟಿನಲ್ಲಿ ಅಡಗಿಸಿಟ್ಟಿದ್ದ ಎರಡು ಪೊಟ್ಟಣ ಬೇಯಿಸಿ ತಿಂದೆವು.

ಇವತ್ತು ಆ ಸಂತೋಷ ನನಗೆ ಅಷ್ಟು ಚೆಂದ ಕಾಣುವುದಿಲ್ಲ. ಸಿಂಗಪುರ ಪರೀಕ್ಷಿಸಿದ್ದು ತನಗೆ ಬಂದ ಪೊಟ್ಟಣಗಳನ್ನು. ಬಾರಾಬಂಕಿಯ ಪೊಟ್ಟಣದ ಬಗ್ಗೆ ಅದು ಏನೂ ಹೇಳಿರಲಿಲ್ಲ, ಹೇಳುವುದು ಅದರ ಕೆಲಸವೂ ಆಗಿರಲಿಲ್ಲ. ನಾವು ಅದನ್ನು ನಮ್ಮ ಜಗಳದ ತೀರ್ಪು ಎಂದು ಓದಿದೆವು. ನಮಗೆ ಮ್ಯಾಗಿ ಬೇಕಿತ್ತು, ಅದನ್ನು ಕೊಡುವ ಮಾತು ಯಾವ ಊರಿನಿಂದ ಬಂದರೂ ವಿಜ್ಞಾನವಾಗುತ್ತಿತ್ತು. ನಮ್ಮದೇ ಪ್ರಯೋಗಾಲಯ ತಪ್ಪಿರಬಹುದು ಎಂಬ ಅನುಮಾನಕ್ಕೂ ಆಧಾರವಿತ್ತು ಎನ್ನಿ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿದಾಗ, ಪರೀಕ್ಷೆ ನಡೆಸಿದ ಪ್ರಯೋಗಾಲಯಗಳ ಮಾನ್ಯತೆಯನ್ನೇ ಪ್ರಶ್ನಿಸಿತು, ಬೇರೆ ಮೂರು ಕಡೆ ಮರುಪರೀಕ್ಷೆಗೆ ಹೇಳಿತು. ಅವು ಸುರಕ್ಷಿತ ಎಂದವು. ಆದರೆ ನಾವು ಕೂಗಾಡಿದ್ದು ಮಾನ್ಯತೆಯ ವಿಷಯ ತಿಳಿದಲ್ಲ. ಆಮೇಲೆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಾದರಿಗಳನ್ನು ಮೈಸೂರಿನ ಸಿ.ಎಫ್.ಟಿ.ಆರ್.ಐ.ಗೆ ಕಳಿಸಿದಾಗ ‘ಸದ್ಯ, ಸರಿಯಾದವರ ಕೈಗೆ ಬಂತು’ ಎಂದು ನೆಮ್ಮದಿಪಟ್ಟವನು ನಾನು. ಕಲ್ಕತ್ತೆಯ ಪ್ರಯೋಗಾಲಯವನ್ನು ನಾನು ಕಂಡಿರಲಿಲ್ಲ, ಮೈಸೂರಿನದನ್ನೂ ಒಳಗೆ ಹೋಗಿ ನೋಡಿದವನಲ್ಲ. ಚೆಲುವಾಂಬ ಅರಮನೆಯ ಮುಂದೆ ಬಸ್ಸಿನಲ್ಲಿ ಹೋದವನು, ಅಷ್ಟೇ. ನಂಬಿಕೆಯನ್ನು ನಾನು ಊರಿನ ಹೆಸರು ನೋಡಿ ಹಂಚಿದ್ದೆ. ಈಗ ಕಿಡ್ ಸ್ಟ್ರೀಟಿನಲ್ಲಿ, ಊಟದ ಹೊತ್ತಿಗೆ ಟಿಫಿನ್ ಕ್ಯಾರಿಯರ್ ಹಿಡಿದು ಹೊರಬರುವ ಜನರನ್ನು ನೋಡುವಾಗ ಸ್ವಲ್ಪ ನಾಚಿಕೆಯಾಗುತ್ತದೆ.

ಹೊರಗಿನವರ ಮಾತನ್ನು ಕೇಳುವುದೆಂದರೆ ಅದಕ್ಕೆ ಮಣಿಯುವುದು ಎಂದೂ ಅರ್ಥವಲ್ಲ. ಮಾಶಿಮಾರ ಬಾಟಲಿಗೆ ಬರೋಣ. ಸಾಸಿವೆ ಎಣ್ಣೆಯಲ್ಲಿ ಎರುಸಿಕ್ ಆಮ್ಲ ಬಹಳ ಇರುತ್ತದೆ. ಅದನ್ನು ಹೆಚ್ಚಾಗಿ ತಿನ್ನಿಸಿದ ಇಲಿಗಳ ಹೃದಯದಲ್ಲಿ ಕೊಬ್ಬು ಕೂಡಿದ್ದನ್ನು ವಿಜ್ಞಾನಿಗಳು ಕಂಡರು. ಈ ಸಂಗತಿ ವಾಷಿಂಗ್ಟನ್‌ಗೂ ಗೊತ್ತು, ದೆಹಲಿಗೂ ಗೊತ್ತು. ಅಮೆರಿಕ ಇದನ್ನು ಅಡುಗೆ ಎಣ್ಣೆ ಎಂದು ಮಾರಲು ಬಿಡುವುದಿಲ್ಲ. ಯೂರೋಪು ಆಹಾರದಲ್ಲಿ ಎರುಸಿಕ್ ಆಮ್ಲಕ್ಕೆ ಮಿತಿ ಹಾಕಿದೆ. ಕೆನಡಾದವರು ಆ ಆಮ್ಲ ಕಡಿಮೆಯಿರುವ ಹೊಸ ತಳಿಯನ್ನೇ ಬೆಳೆಸಿ ಕೆನೋಲಾ ಎಂದು ಕರೆದರು. ಭಾರತದಲ್ಲಿ ಕೋಟ್ಯಂತರ ಜನ ತಲೆಮಾರುಗಳಿಂದ ತಿನ್ನುತ್ತ ಬಂದಿದ್ದಾರೆ, ಕೋಡೆಕ್ಸ್‌ನ ಖಾದ್ಯ ತೈಲಗಳ ಪಟ್ಟಿಯಲ್ಲೂ ಅದಕ್ಕೆ ಜಾಗವಿದೆ. ಹಾಗೆಯೇ ಎಥಿಲೀನ್ ಆಕ್ಸೈಡ್‌ಗೆ ಯೂರೋಪು ಮಸಾಲೆಯಲ್ಲಿ ಹತ್ತು ಲಕ್ಷಕ್ಕೆ 0.1 ಭಾಗದ ಮಿತಿ ಇಟ್ಟರೆ ಅಮೆರಿಕ 7ರವರೆಗೆ ಬಿಡುತ್ತದೆ. ರಸಾಯನಶಾಸ್ತ್ರ ಎರಡೂ ಕಡೆ ಒಂದೇ. ಎಷ್ಟು ಅಪಾಯವನ್ನು ಹೊರಬಹುದು, ಯಾರ ಅಡುಗೆಮನೆಯ ಅಭ್ಯಾಸವನ್ನು ಬದಲಿಸಲು ಹೇಳಬಹುದು ಎನ್ನುವುದನ್ನು ಆಯಾ ದೇಶ ತೀರ್ಮಾನಿಸುತ್ತದೆ. ಅಮೆರಿಕದವರಿಗೆ ಸಾಸಿವೆ ಎಣ್ಣೆಯನ್ನು ಬಿಡುವುದರಿಂದ ಕಳೆದುಕೊಳ್ಳುವುದೇನೂ ಇರಲಿಲ್ಲ. ಬಂಗಾಳದಿಂದ ಇಲಿಶ್ ಮೀನಿನ ಸಾಸಿವೆ ಗೊಜ್ಜನ್ನು ಕಸಿಯುವ ಅಧಿಕಾರಿಯ ಗತಿಯನ್ನು ಊಹಿಸಿಕೊಳ್ಳಿ.

ಆದ್ದರಿಂದ ನಮ್ಮ ಪ್ರಾಧಿಕಾರ ಅಮೆರಿಕದ ತೀರ್ಮಾನವನ್ನು ಒಪ್ಪದೆ ಇದ್ದುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಒಪ್ಪದಿರುವ ಹಕ್ಕಿನ ಜೊತೆಗೆ ಕಾರಣ ಹೇಳುವ ಬಾಧ್ಯತೆಯೂ ಬರುತ್ತದೆ ಎನ್ನುವುದು ನನ್ನ ತಕರಾರು. ಆ ಕಾರಣವನ್ನು ರೋಮ್‌ನ ಸಭೆಯಲ್ಲಿ ಹೇಳಿದರೆ ಸಾಲದು. ತಿನ್ನುವವರು ಮಾಶಿಮಾ. ಹೃದಯ ಅವರದು. ಅವರ ಅಡುಗೆಮನೆಯಲ್ಲಿರುವ ಬಾಟಲಿಯನ್ನು ಆ ಭಾನುವಾರ ಸಂಜೆ ತಿರುಗಿಸಿ ನೋಡಿದೆ. ಪರವಾನಗಿಯ ಸಂಖ್ಯೆ, ಕೊಬ್ಬಿನ ಲೆಕ್ಕ, ಮಾಡಿದ ದಿನಾಂಕ ಎಲ್ಲ ಇದ್ದವು, ಇಂಗ್ಲಿಷಿನಲ್ಲಿ ಮತ್ತು ಒಂದಷ್ಟು ಹಿಂದಿಯಲ್ಲಿ. ಚೀಟಿಯ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ನಮ್ಮ ನಿಯಮಕ್ಕೆ ಸಾಕು. ಅಮೆರಿಕದ ಪ್ರಾಧಿಕಾರ ನ್ಯೂಜೆರ್ಸಿಯ ಮಗನಿಗೆ ಅವನು ಓದಬಲ್ಲ ಭಾಷೆಯಲ್ಲಿ ಒಂದು ಸಾಲು ಹೇಳಿತ್ತು, ಅವನು ಅದನ್ನು ಓದಿ, ನಕ್ಕು, ಬಾಣಲೆಗೆ ಸುರಿದ. ಅದು ಅವನ ಆಯ್ಕೆ. ತಾಯಿಗೆ ಆ ಸಾಲು ತಲುಪಿದ್ದು ಮೂರನೆಯ ಬಾಯಿಯಿಂದ, ಹಾಸನದಿಂದ ಬಂದ ಬಾಡಿಗೆದಾರನ ಹರಕು ಬಂಗಾಳಿಯಲ್ಲಿ.

ನಮ್ಮೂರಲ್ಲಿ ಅಮ್ಮನ ಅಡುಗೆಮನೆಗೂ ಇದೇ ಮಾತು ಹೇಳಬಹುದು. ಕಡಲೆಕಾಯಿ ಎಣ್ಣೆಯ ಡಬ್ಬದ ಮೇಲೆ ಕಂಪನಿಯ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿರುತ್ತಾರೆ, ಕೊಳ್ಳಬೇಕಲ್ಲ. ಒಳಗೇನಿದೆ ಎನ್ನುವುದನ್ನು ಸಣ್ಣ ಇಂಗ್ಲಿಷಿನಲ್ಲಿ.

ಮರುದಿನ ಸಂಜೆ ಮಾಶಿಮಾ ನನ್ನನ್ನು ಕೆಳಗೆ ಕರೆದರು. ರಾತ್ರಿಯೆಲ್ಲ ಯೋಚಿಸಿದ ಹಾಗಿತ್ತು. “ಬಾಬಾ, ನಿನ್ನೆ ಓದಿದೆಯಲ್ಲ. ತಿನ್ನಬೇಕೋ ಬಿಡಬೇಕೋ, ಸರಿಯಾಗಿ ಹೇಳು” ಎಂದರು. ನಾನು ಇಲಿಗಳ ಕಥೆ ಹೇಳಿದೆ, ಕೆನಡಾದ ಕಥೆ ಹೇಳಿದೆ, ಇಲ್ಲಿನವರು ತೀರ್ಮಾನ ಬೇರೆ ಮಾಡಿದ್ದಾರೆ ಎಂದೆ. ಅವರು ಪೂರ್ತಿ ಕೇಳಿದರು. “ಇಲಿಗೆ ದಿನಕ್ಕೆ ಎಷ್ಟು ಕೊಟ್ಟಿದ್ದರು?” ಎಂದು ಕೇಳಿದರು. ನಮ್ಮ ಊಟಕ್ಕೆ ಹೋಲಿಸಿದರೆ ಬಹಳ ಹೆಚ್ಚು, ಎಂದೆ. ಎಷ್ಟು ಹೆಚ್ಚು ಎಂದು ಮತ್ತೆ ಕೇಳಿದರು. ಓದಿ ಬಂದು ಹೇಳುತ್ತೇನೆ ಎಂದೆ.

“ಓದಿ ಹೇಳು. ಅಷ್ಟರವರೆಗೆ ಅರ್ಧ ಚಮಚ ಕಮ್ಮಿ ಹಾಕ್ತೀನಿ” ಎಂದು ಬಾಣಲೆ ಒಲೆಯ ಮೇಲಿಟ್ಟು, ಮುಚ್ಚಿದ ಬಾಟಲಿಯ ಸೀಲು ಒಡೆದಿಲ್ಲ ತಾನೇ ಎಂದು ಬೆಳಕಿಗೆ ಹಿಡಿದು ನೋಡಿದರು.